ಹೆಸರಿಲ್ಲದ ಹಿತ್ತಾಳೆ ಡಬ್ಬಿ

ಟಿಣ್.

ಒಂದೇ ಸಲ. ಚಮಚದ ಬೆನ್ನು ಲೋಟದ ಅಂಚಿಗೆ ತಾಗಿದರೆ ಬರುವಷ್ಟು ಸಣ್ಣ ಸದ್ದು, ಅಡುಗೆಮನೆಯ ಕಡೆಯಿಂದ. ಗಡಿಯಾರ ನೋಡಿದೆ, ರಾತ್ರಿ ಒಂದೂವರೆ. ಬೇರೆ ಊರಿನಲ್ಲಾಗಿದ್ದರೆ ಇಲಿಯೋ ಬೆಕ್ಕೋ ಎಂದು ಮಗ್ಗುಲು ಬದಲಿಸಬಹುದಿತ್ತು. ನಮ್ಮ ಊರಿನಲ್ಲಿ ಹಾಗಾಗುವುದಿಲ್ಲ. ಮನೆಯ ಯಾವುದೋ ಒಂದು ಲೋಹದ ಸಾಮಾನು ಮುಂದೆ ಎಂದೋ ಒಂದು ದಿನ ಕಳೆದುಹೋಗಲಿದೆ, ಹಾಗೆ ಕಳೆದು ಕಿಲುಬು ಹಿಡಿದ ಅದರ ರೂಪ ಆಗಲೇ ಹಾಳುಪೇಟೆಯ ಮಣ್ಣಿನಲ್ಲಿ ಮೇಲಕ್ಕೆದ್ದು ಬಂದಿದೆ, ಮೂರು ದಿನದೊಳಗೆ ಅಗೆದರೆ ಕೈಗೆ ಸಿಗುತ್ತದೆ ಎಂದು ಆ ಸದ್ದಿನ ಅರ್ಥ.

ನಾನು ಎದ್ದು ದೀಪ ಹಾಕಿದೆ. ಅಡುಗೆಮನೆಯ ಬಾಗಿಲ ಹಿಂದೆ ನಾನೇ ಬರೆದು ಅಂಟಿಸಿದ ಸಾಮಾನುಗಳ ಪಟ್ಟಿ ಇದೆ. ಒಂದೊಂದನ್ನೇ ಮುಟ್ಟಿ, ಕಿವಿಗೆ ಹಿಡಿದು ನೋಡುತ್ತ ಬಂದೆ. ಸೌಟು, ಜಾಲರಿ, ಒಗ್ಗರಣೆ ಬಾಂಡ್ಲಿ. ಯಾವುದೂ ತುಟಿ ಬಿಚ್ಚಲಿಲ್ಲ.

"ಏನೇ ಅದು, ಕಳ್ಳರ ಥರ?" ಅಮ್ಮ ಹಾಸಿಗೆಯಿಂದಲೇ ಕೇಳಿದಳು.

"ಟಿಣ್ ಅಂತು ಅಮ್ಮ."

"ಅನ್ಲಿ ಬಿಡು. ಪಾತ್ರೆ ಅಂದ್ಮೇಲೆ ಟಿಣ್ ಅನ್ನದೆ ಇನ್ನೇನು ಸಂಗೀತ ಹಾಡತ್ತಾ? ಮಲಕ್ಕೋ."

"ಯಾವುದು ಅಂತ ಗೊತ್ತಾಗ್ತಿಲ್ಲ."

"ಗೊತ್ತಾದ್ರೆ ಏನ್ಮಾಡ್ತೀಯ, ಕಾಲಿಗೆ ಹಗ್ಗ ಕಟ್ತೀಯಾ? ಬೆಳಗಾದ್ಮೇಲೆ ಹೆಂಗೂ ಅಗೆಯೋಕೆ ಹೋಗ್ತೀಯಲ್ಲ. ಸಿಕ್ದಾಗ ಗೊತ್ತಾಗತ್ತೆ, ನಳಿನಿ. ದೀಪ ಆರ್ಸು."

ಎರಡು ನಿಮಿಷಕ್ಕೆಲ್ಲ ಅಮ್ಮನ ಗೊರಕೆ ಶುರುವಾಯಿತು. ಕಳೆದುಹೋಗುವುದರ ಬಗ್ಗೆ ಇಷ್ಟು ನಿಶ್ಚಿಂತೆಯಿರುವ ಹೆಂಗಸಿನ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ. ನಾನು ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ಹಾಳುಪೇಟೆ ಇರುವುದು ಹೊಳೆಯ ಆಚೆ ದಡದಲ್ಲಿ. ಕುಸಿದ ಗೋಡೆಗಳು, ಸಾಲಂಗಡಿಗಳ ಜಗಲಿಗಳು, ಮಣ್ಣು ತುಂಬಿದ ಎರಡು ಬಾವಿಗಳು, ಮಧ್ಯೆ ಮೊಣಕಾಲುದ್ದ ಹುಲ್ಲು. ಅಲ್ಲಿ ಯಾರಿದ್ದರು, ಯಾಕೆ ಬಿಟ್ಟುಹೋದರು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಇತಿಹಾಸದಲ್ಲಿ ಬಿ.ಎ. ಮುಗಿಸಿಕೊಂಡು ಬಂದ ವರ್ಷ ನಾನು ಕೇಳುತ್ತಿದ್ದೆ. ರಾಜರ ಕಾಲದ ನಾಣ್ಯಗಳು ಸಿಗುತ್ತವೆಂಬ ಆಸೆಯಿಂದಲೇ ನೆಲದಡಿಯ ಲೋಹ ಪತ್ತೆಮಾಡುವ ಪಂಚಾಯಿತಿಯವರ ಹುಡುಕುಗೋಲು ಹಿಡಿಯುವ ಕೆಲಸಕ್ಕೆ ಸೇರಿದ್ದು. ಮೊದಲ ವಾರವೇ ಕಿಲುಬು ಹಿಡಿದು, ಅಂಚು ಸವೆದು ಹೋದ ಐದು ರೂಪಾಯಿಯ ನಾಣ್ಯವೊಂದು ಸಿಕ್ಕಿತು. ಹುಣಸೆಹಣ್ಣು ಹಾಕಿ ಉಜ್ಜಿದರೆ, ಅದರ ಮೇಲಿದ್ದ ಇಸವಿ ಬರುವುದಕ್ಕೆ ಇನ್ನೂ ಆರು ವರ್ಷವಿತ್ತು. ಬ್ಯಾಂಕಿಗೆ ತೆಗೆದುಕೊಂಡು ಹೋದಾಗ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇದು ಇನ್ನೂ ಹುಟ್ಟಿಲ್ಲಮ್ಮ. ಆರು ವರ್ಷ ಬಿಟ್ಟು ಕರ್ಕೊಂಡ್ಬನ್ನಿ" ಎಂದರು. ಆರು ವರ್ಷ ಬಿಟ್ಟು ಕರೆದುಕೊಂಡು ಹೋದೆ. ಎರಡು ಮಾತಾಡದೆ ತೆಗೆದುಕೊಂಡರು.

ಊರಿನವರಿಗೆ ಇದೆಲ್ಲ ಮಳೆ ಬಿಸಿಲಿನ ಹಾಗೆ ಅಭ್ಯಾಸವಾಗಿದೆ. ಕಳೆದಾಗ ಅಳುವವರು ನಮ್ಮಲ್ಲಿ ಕಡಿಮೆ. ಕಳೆಯುವ ಮೊದಲೇ ಸಿಕ್ಕಿರುತ್ತದಲ್ಲ. ಮಗಳ ಓಲೆ ಹಾಳುಪೇಟೆಯಲ್ಲಿ ಸಿಕ್ಕಿತೆಂದರೆ ತಾಯಿ ಅದನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು, ಕಿವಿಯಲ್ಲಿರುವುದು ಎಂದು ಬೀಳುತ್ತದೋ ಅಂದು ತೆಗೆದುಕೊಡುತ್ತಾಳೆ. ನಮ್ಮ ಶಾಲೆಯ ಗಂಟೆ ಸಿಕ್ಕಿ ಹನ್ನೊಂದು ವರ್ಷವಾಯಿತು. ತೂಗುಹಾಕಿದ್ದು ಇನ್ನೂ ಅಲ್ಲೇ ಇದೆ. ಮಕ್ಕಳು ಮಾತ್ರ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಂದೊಡನೆ ಕತ್ತೆತ್ತಿ ನೋಡಿ, ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಾರೆ.

ಒಂದೇ ಕಟ್ಟುನಿಟ್ಟು, ಕೂಗುವುದು. ಆ ದಿನ ಸಿಕ್ಕಿದ್ದನ್ನು ಅಂದು ಸಂಜೆಯೇ ಹೊಳೆದಂಡೆಯ ಬಂಡೆ ಹತ್ತಿ, ಏನು ಸಿಕ್ಕಿತು, ಅದರ ಮೇಲೆ ಏನು ಬರೆದಿದೆ ಎಂದು ಅಗೆದವರು ಮೂರು ಸಲ ಕೂಗಬೇಕು. ಕೂಗಿ ಮುಗಿದ ಮೇಲೆ ಜೊತೆಯಲ್ಲಿ ಅಗೆದವರು "ಇಷ್ಟೇ" ಎಂದು ಗಟ್ಟಿಯಾಗಿ ಹೇಳಬೇಕು. ಜನ ಕಡಲೆಕಾಯಿ ತಿನ್ನುತ್ತ ಕೇಳಲು ಬರುತ್ತಾರೆ. ಮುಚ್ಚಿಟ್ಟುಕೊಂಡವರ ಕೈಯಿಂದ ಹುಡುಕುಗೋಲು ಹೋಯಿತೆಂದೇ ಲೆಕ್ಕ. ಹಿಂದೆ ಬಸಣ್ಣ ಎನ್ನುವವನು ಒಂದು ಬೆಳ್ಳಿ ಡಾಬು ಮುಚ್ಚಿಟ್ಟಿದ್ದ. ಈಗ ಚುರುಮುರಿ ಗಾಡಿ ಇಟ್ಟಿದ್ದಾನೆ. ಇವತ್ತಿಗೂ ಅವನು ಪೊಟ್ಟಣ ಕಟ್ಟಿ ಕೊಟ್ಟರೆ ಜನ "ಇಷ್ಟೇನಾ?" ಎಂದು ಕೇಳಿ ನಗುತ್ತಾರೆ.

ಹೆಸರಿಲ್ಲದ ಸಾಮಾನು ಸಿಕ್ಕಿದರೆ ಬಂಡೆಯ ಹತ್ತಿರ ಜಗಳ ತಪ್ಪಿದ್ದಲ್ಲ. ಒಂದು ಇಕ್ಕಳಕ್ಕೆ ಏಳು ಮನೆಯವರು ಬರುತ್ತಾರೆ. ಹಾಗಾಗಿ ನಮ್ಮಲ್ಲಿ ಪಾತ್ರೆಗೆ ಹೆಸರು ಕೊರೆಸುವುದೆಂದರೆ ಮಗುವಿಗೆ ಚುಚ್ಚುಮದ್ದು ಹಾಕಿಸಿದ ಹಾಗೆ. ಎಲ್ಲವನ್ನೂ ಕೊರೆಸಿಕೊಂಡು ಬಾ ಎಂದು ಅಮ್ಮನ ಬೆನ್ನು ಹತ್ತಿದವಳು ನಾನೇ. ನಾಲ್ಕು ವರ್ಷದ ಹಿಂದೆ, ಒಂದು ಬುಧವಾರ. ಪೇಟೆ ಬೀದಿಯ ಕೊನೆಯಲ್ಲಿ ಮೋನಪ್ಪಾಚಾರ್ರ ಅಂಗಡಿ ಇದೆ. ಅವರು ಕೈಯಲ್ಲೇ ಚಾಣ ಹಿಡಿದು, ಚಿಟಿಚಿಟಿ ಹೊಡೆದು, ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೂರಿಸುತ್ತಾರೆ. ಅಮ್ಮ ಆ ಬುಧವಾರ ಒಂದು ಚೊಂಬು ತೆಗೆದುಕೊಂಡು ಹೋದಳು. ಮುಂದಿನ ಬುಧವಾರ ಒಂದು ತಟ್ಟೆ. ಎಲ್ಲ ಒಟ್ಟಿಗೆ ಒಯ್ಯಬಾರದಾ ಎಂದರೆ, "ಭಾರ ಕಣೇ" ಎನ್ನುತ್ತಿದ್ದಳು. ಜಾಲರಿಯ ಹಿಡಿಗೂ, ಈರುಳ್ಳಿ ಹೆಚ್ಚುವ ಚಾಕುವಿಗೂ "ತುಂಗಮ್ಮ" ಎಂದು ಹೆಸರು ಬಂದಾಗ, ಅಮ್ಮನಿಗೂ ಕೊನೆಗೆ ನನ್ನ ಭಯ ಅಂಟಿತಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಒಂದು ಹಿತ್ತಾಳೆ ಡಬ್ಬಿ ಮಾತ್ರ ಉಳಿದಿತ್ತು. ಅಜ್ಜಿಯ ಕಾಲದ್ದು, ಅಂಗೈಯಗಲ, ಏಲಕ್ಕಿ ಹಾಕಿಡುವುದು. "ಅದಕ್ಕೆ ಸದ್ಯಕ್ಕೆ ಯಾರ ಹೆಸರೂ ಬೇಡ, ಇರ್ಲಿ" ಎಂದಿದ್ದಳು.

ಬೆಳಿಗ್ಗೆ ಎಂಟಕ್ಕೆ ನಾನೂ ಜುಲೇಖಾಳೂ ಹೊಳೆ ದಾಟಿದೆವು. ಹುಡುಕುಗೋಲು ನನ್ನದು, ಗುದ್ದಲಿ ಅವಳದು. ಹನ್ನೆರಡು ವರ್ಷದಿಂದ ಹಾಗೇ. ಜುಲೇಖಾಳ ತೋಳಿನಲ್ಲಿ ಎಷ್ಟು ಬಲವೋ ನಾಲಿಗೆಯಲ್ಲಿ ಅದಕ್ಕೆ ಎರಡರಷ್ಟು. ತನ್ನ ತಂಗಿ ಬಸುರಿ ಎನ್ನುವುದನ್ನು ತಂಗಿಯ ಗಂಡನಿಗಿಂತ ಮೊದಲು ಹಾಲಿನವನಿಗೆ ಹೇಳಿದವಳು ಅವಳು.

"ಕಣ್ಣು ನೋಡು, ಹಂಡೆ ಥರ ಊದಿದೆ. ನಿಮ್ಮನೇಲೂ ಟಿಣ್ ಅಂತಾ?" ಎಂದಳು.

"ಒಂದೂವರೆಗೆ."

"ನಮ್ಮನೇಲಿ ಮೊನ್ನೆ ಅಂತು. ನಮ್ಮೆಜಮಾನ್ರು ನಿದ್ದೆಗಣ್ಣಲ್ಲಿ 'ಹಲೋ' ಅಂದ್ರು."

ಬೇಲಿಯ ಪಕ್ಕದ ಸಾಲಿನಿಂದ ಶುರುಮಾಡಿದೆ. ಕೋಲಿನ ತುದಿಯ ತಟ್ಟೆಯನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿದು, ಕಸ ಗುಡಿಸುವ ಹಾಗೆ ಆಚೀಚೆ ಆಡಿಸುತ್ತ ಹೋಗಬೇಕು. ಕಬ್ಬಿಣ ಸಿಕ್ಕಿದರೆ ಕಿವಿಯಲ್ಲಿ ಗೊರಗೊರ ಎನ್ನುತ್ತದೆ, ತಾಮ್ರ ಹಿತ್ತಾಳೆಗೆ ತುಂಬಿದ ಕೊಡಕ್ಕೆ ತಟ್ಟಿದಂತೆ. ಒಂಬತ್ತರ ಹೊತ್ತಿಗೆ ಎರಡು ನಾಣ್ಯ ಸಿಕ್ಕಿದವು. ಒಂದು ಬರುವ ವರ್ಷದ್ದು, ಇನ್ನೊಂದರ ಇಸವಿ ನೋಡಿ ಜುಲೇಖಾ, "ಇದನ್ನ ಖರ್ಚು ಮಾಡೋಕೆ ನನ್ನ ಮೊಮ್ಮಗಳು ಬರ್ಬೇಕು" ಎಂದಳು. ಆಮೇಲೆ ಒಂದು ಸೈಕಲ್ ಬೆಲ್ಲಿನ ಮುಚ್ಚಳ. ಕುಸಿದ ಅಂಗಡಿಯೊಂದರ ಜಗಲಿಯ ಬುಡದಲ್ಲಿ ನನ್ನ ಕಿವಿ ತುಂಬಿತು. ಅವಳು ಗುದ್ದಲಿ ಹಾಕಿದಳು, ನಾನು ಮೊಣಕಾಲೂರಿ ಕೈಯಿಂದ ಮಣ್ಣು ಸರಿಸಿದೆ. ಹಸಿರು ಬಣ್ಣದ ಉಂಡೆಯಂಥದ್ದೊಂದು ಬಂತು.

"ಡಬ್ಬಿ" ಎಂದಳು ಜುಲೇಖಾ. "ನಿಮ್ಮದಾ?"

ಆಕಾರ ನೋಡಿದೊಡನೆ ನನಗೆ ಗೊತ್ತಾಯಿತು. "ನಮ್ಮ ಏಲಕ್ಕಿ ಡಬ್ಬಿ ಇರಬೇಕು. ಆದರೆ ಅದಕ್ಕೆ ಹೆಸರಿಲ್ಲ" ಎಂದೆ. ನನಗೆ ಆ ಕ್ಷಣಕ್ಕೆ ದುಃಖವಾಯಿತು. ಅಜ್ಜಿಯ ಡಬ್ಬಿ ಕಳೆದುಹೋಗಲಿದೆ.

ಮಧ್ಯಾಹ್ನ ಜುಲೇಖಾ ಮನೆಗೆ ಹೋಗಿ ಗಂಡನಿಗೆ ಬಡಿಸಿ ಬರುತ್ತಾಳೆ. ನಾನು ಬಾವಿಕಟ್ಟೆಯ ನೆರಳಿನಲ್ಲಿ ಕುಳಿತು ಬುತ್ತಿ ತಿಂದೆ. ಆಮೇಲೆ, ಅಗೆಯುವವರೆಲ್ಲ ಜೊತೆಯಲ್ಲಿಟ್ಟುಕೊಳ್ಳುವ ಹುಣಸೆಹಣ್ಣಿನ ಉಂಡೆ ತೆಗೆದು, ಚಿಟಿಕೆ ಉಪ್ಪು ಸೇರಿಸಿ ಡಬ್ಬಿಯ ಮುಚ್ಚಳ ಉಜ್ಜತೊಡಗಿದೆ. ಹಸಿರು ಹರಿದು ಹಳದಿ ಕಾಣಿಸಿತು. ಬೆರಳಿಗೆ ಏನೋ ಒರಟಾಗಿ ತಾಗಿತು. ಚುಕ್ಕಿಗಳು. ಇನ್ನಷ್ಟು ಉಜ್ಜಿದೆ.

ತುಂಗಮ್ಮ – ಮೋನಪ್ಪಾಚಾರಿ ಇವರ ಮದುವೆಯ ಸವಿನೆನಪಿಗೆ.

ಅದರ ಕೆಳಗೆ ತಾರೀಕು. ಬರುವ ಮಾಘಮಾಸದ ಒಂದು ಭಾನುವಾರ. ಅದರ ಕೆಳಗೆ ಇನ್ನೂ ಒಂದು ಸಾಲು ಇರುವ ಹಾಗಿತ್ತು. ಕಿಲುಬು ದಪ್ಪವಾಗಿ ಕೂತಿತ್ತು. ಉಜ್ಜುವ ಕೈ ನಿಂತುಹೋಗಿತ್ತು.

ನನಗೆ ಏನೆನ್ನಿಸಿತು ಎಂದು ಸರಿಯಾದ ಪದದಲ್ಲಿ ಹೇಳಬೇಕೆಂದರೆ, ಹೆದರಿಕೆ. ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಅಮ್ಮನ ಕಾಲುನೋವು, ಅಮ್ಮನ ಕನ್ನಡಕದ ನಂಬರು, ಅಮ್ಮ ಗ್ಯಾಸ್ ಆರಿಸಿದಳೋ ಇಲ್ಲವೋ ಎನ್ನುವುದು, ಎಲ್ಲ ನನ್ನ ಕಣ್ಣಳತೆಯಲ್ಲೇ ಇತ್ತು. ಎರಡು ಸಲ ನನಗೆ ಸಂಬಂಧ ಬಂದಾಗ, ಅಮ್ಮನನ್ನು ಬಿಟ್ಟು ಹೇಗೆ ಎಂದು ನಾನೇ ಬೇಡವೆಂದಿದ್ದೆ. ಹಾಗೆ ಕಾದವಳ ಕಣ್ಣು ತಪ್ಪಿಸಿ ಅರವತ್ತೆರಡರ ಅಮ್ಮ ಮದುವೆಗೆ ಹೊರಟಿದ್ದಾಳೆ. ಹೊರಟಿದ್ದಾಳೋ, ಹೊರಡಲಿದ್ದಾಳೋ? ಅಮ್ಮನಿಗೇ ಇದು ಗೊತ್ತೋ ಇಲ್ಲವೋ? ಸಂಜೆ ನಾನು ಬಂಡೆ ಹತ್ತಿ ಇದನ್ನು ಮೂರು ಸಲ ಕೂಗಿದರೆ, ಕಡಲೆಕಾಯಿ ಸಿಪ್ಪೆಯ ಮಧ್ಯೆ ಊರಿಗೆ ಊರೇ ಅಮ್ಮನ ಕಡೆ ತಿರುಗುತ್ತದೆ. ಅವರಿಬ್ಬರೂ ಇನ್ನೂ ಒಂದು ಮಾತೂ ಆಡಿರದಿದ್ದರೆ? ಮಣ್ಣು ಹೇಳಿತೆಂದು ಇಬ್ಬರೂ ತಲೆತಗ್ಗಿಸಿ ಹಸೆಮಣೆ ಏರಬೇಕೇ? ಕೂಗದಿದ್ದರೆ ಹುಡುಕುಗೋಲು ಹೋಗುತ್ತದೆ, ಬಸಣ್ಣನ ಪಕ್ಕದಲ್ಲಿ ಇನ್ನೊಂದು ಗಾಡಿ.

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಜುಲೇಖಾ ಬರುವ ಮೊದಲೇ ಹೊಳೆ ದಾಟಿ ಪೇಟೆ ಬೀದಿಗೆ ಬಂದೆ.

ಮೋನಪ್ಪಾಚಾರ್ರು ಕೊಳಗವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಿಳಿಯ ಗಡ್ಡ, ಕಿವಿಯ ಮೇಲೆ ಪೆನ್ಸಿಲು. ಊರಿನ ಮದುವೆಗಳೆಲ್ಲ ಅವರ ಚಾಣದ ತುದಿಯಿಂದಲೇ ಹಾದುಹೋಗಿವೆ, ಅವರದ್ದೊಂದು ಆಗಿಲ್ಲ. ನನ್ನನ್ನು ನೋಡಿ ಗಾಬರಿಯಾಗಿ ಎದ್ದರು.

"ಅಮ್ಮ ಚೆನ್ನಾಗಿದ್ದಾರಾ ತಾಯಿ?"

"ಚೆನ್ನಾಗಿದ್ದಾರೆ."

"ಮತ್ತೆ ನೀವು ಬಂದ್ರಲ್ಲ... ಇವತ್ತು ಬುಧವಾರ ಅಲ್ಲ."

"ದಾರಿಯಲ್ಲಿ ಹೋಗ್ತಿದ್ದೆ" ಎಂದೆ.

ಅವರು ಮತ್ತೆ ಕೂತು ಸುತ್ತಿಗೆ ಎತ್ತಿದರು, ಇಳಿಸಿದರು. "ಒಂದು ವಿಷಯ ಕೇಳ್ಬೇಕಿತ್ತು. ತಪ್ಪು ತಿಳ್ಕೋಬಾರ್ದು."

ಚೀಲವನ್ನು ಬಿಗಿಯಾಗಿ ಹಿಡಿದುಕೊಂಡೆ. "ಕೇಳಿ."

"ನಿಮ್ಮನೇಲಿ... ಹೆಸರು ಹಾಕದೆ ಇರೋ ಸಾಮಾನು ಇನ್ನೂ ಎಷ್ಟು ಉಳಿದಿವೆ?"

"ಎಲ್ಲ ಮುಗೀತು. ಹೋದ ವಾರ ಬಂತಲ್ಲ ತುರಿಮಣೆ, ಅದೇ ಕೊನೇದು." ಡಬ್ಬಿಯ ಮಾತು ಎತ್ತಲಿಲ್ಲ.

ಅವರ ಮುಖ ಕಂದಿತು. "ಕೊನೇದಾ?" ಎಂದರು. ಕೊಳಗವನ್ನು ಒಂದು ಸುತ್ತು ತಿರುಗಿಸಿ, "ನಿಮಗೆ ಹೊಸ ಪಾತ್ರೆ ಏನಾದ್ರೂ ಕೊಳ್ಳೋ ಯೋಚನೆ ಇದೆಯಾ? ಇಲ್ಲ, ಸುಮ್ನೆ ಕೇಳ್ದೆ. ಈಗ ಒಳ್ಳೊಳ್ಳೆ ದಪ್ಪ ತಳದ್ದು ಬಂದಿವೆ" ಎಂದರು. ನನ್ನ ಉತ್ತರಕ್ಕೂ ಕಾಯದೆ ತಾವೇ ಮುಂದುವರಿದರು. "ದೋಸೆ ಹೆಂಚಿಗೆ ಎರಡು ಕಡೆ ಹಾಕ್ಬಹುದು. ಒಂದು ಕಡೆ ಸವೆದ್ರೂ ಇನ್ನೊಂದು ಕಡೆ ಇರತ್ತೆ."

ನನಗೆ ನಗು ಬರುವುದರಲ್ಲಿತ್ತು. ಕೆಮ್ಮಿದೆ. "ನೀವು ಹೆಸರು ಹಾಕೋದು ಹಿಡಿ ಮೇಲೆ, ಅಂಚಿನ ಮೇಲೆ ಅಲ್ವಾ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಹೆಸರು ಅಲ್ಲೇ" ಎಂದವರು ಕೊಳಗದ ಒಳಗೆ ಮುಖ ಹುದುಗಿಸಿಕೊಂಡರು. "ತಳದಲ್ಲಿ ಏನೂ ಹಾಕಲ್ಲ. ತಳ ಯಾರು ನೋಡ್ತಾರೆ."

ಯಾರೂ ಕೇಳದೆ ತಳದ ಮಾತು ಯಾಕೆ ಬಂತು? ಮನೆಗೆ ಓಡಿದೆ. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಅಡುಗೆಮನೆಯ ಹಲಗೆಯಿಂದ ಮೊದಲ ಬುಧವಾರದ ಚೊಂಬನ್ನು ತೆಗೆದು ಮಗುಚಿದೆ. ನಾಲ್ಕು ವರ್ಷ ದಿನವೂ ನೋಡಿದ, ಪಟ್ಟಿಯಲ್ಲಿ ಬರೆದುಕೊಂಡ, ಎಣಿಸಿದ ಚೊಂಬು. ಅದರ ತಳದಲ್ಲಿ ಸಾಸಿವೆ ಗಾತ್ರದ ಚುಕ್ಕಿಗಳಲ್ಲಿ ಬರೆದಿತ್ತು: "ಮಜ್ಜಿಗೆಗೆ ಶುಂಠಿ ಸರಿಯಾಗಿತ್ತು."

ತಟ್ಟೆ ಮಗುಚಿದೆ. "ಇಡ್ಲಿ ಆರು. ಏಳಿದ್ದರೂ ಆಗುತ್ತಿತ್ತು." ಡಬರಿಯ ತಳದಲ್ಲಿ, "ಹುಳಿಗೆ ಉಪ್ಪು ಕಡಿಮೆ ಎಂದು ತಾವು ಅಂದಿರಿ. ನನಗೆ ಹಾಗೆ ಅನಿಸಲಿಲ್ಲ." ಒತ್ತು ಶ್ಯಾವಿಗೆಯ ಒರಳಿನ ಕೆಳಗೆ, "ತಾವು ನಕ್ಕದ್ದು ಬುಧವಾರದಿಂದ ಶನಿವಾರದವರೆಗೆ ಬಂತು." ಒಗ್ಗರಣೆ ಬಾಂಡ್ಲಿಯ ತಳ ಮಸಿ ಹಿಡಿದಿತ್ತು, ಉಗುರಿನಿಂದ ಕೆರೆದರೆ, "ಮಗಳಿಗೆ ಜ್ವರ ಇಳಿಯಿತೇ?" ತುರಿಮಣೆಯ ಅಡಿಯಲ್ಲಿ, ಕಬ್ಬಿಣದ ಮೇಲೆ ಕಷ್ಟಪಟ್ಟು ಹೊಡೆದ ಒಂದು ಪ್ರಶ್ನೆ: "ಇನ್ನು ಏನು ತರುತ್ತೀರಿ?"

ಅಮ್ಮ ಖಾಲಿ ಪಾತ್ರೆಯನ್ನು ಒಯ್ದೇ ಇರಲಿಲ್ಲ. ಭಾರ ಎಂದಿದ್ದು ನಿಜವೇ.

ನಾನು ನೆಲದ ಮೇಲೆ ಕುಳಿತಿದ್ದೆ, ಸುತ್ತಲೂ ಮಗುಚಿದ ಪಾತ್ರೆಗಳು. ಅಮ್ಮ ಖಾಲಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಳು. ಮೊದಲು ಪಾತ್ರೆ ನೋಡಿದಳು, ಆಮೇಲೆ ನನ್ನನ್ನು.

"ಓ" ಎಂದಳು. "ಓದಿದ್ಯಾ?"

"ನಾಲ್ಕು ವರ್ಷ ಅಮ್ಮ!"

"ಎಲ್ಲಾನೂ ಪರೀಕ್ಷೆ ಮಾಡೋಳು, ಒಂದು ಸಲಾನೂ ಮಗುಚಿ ನೋಡ್ಲಿಲ್ವಲ್ಲೇ ನೀನು." ಬಕೆಟ್ಟು ಕವುಚಿಹಾಕಿ ಅದರ ಮೇಲೆ ಕೂತಳು. ಕೆನ್ನೆ ಕೆಂಪಾಗಿತ್ತು, ಆದರೆ ತಪ್ಪು ಮಾಡಿದವಳ ಮುಖವಲ್ಲ. "ಅವ್ರು ಸಂಕ್ರಾಂತಿ ದಿನ ಬಾಯ್ಬಿಟ್ಟು ಕೇಳಿದ್ರು. ಎಳ್ಳು ಬೀರೋಕೆ ಹೋಗಿದ್ನಲ್ಲ, ಆಗ."

"ನೀನೇನಂದೆ?"

"ಹೂಂನೂ ಅನ್ಲಿಲ್ಲ, ಊಹೂಂನೂ ಅನ್ಲಿಲ್ಲ. ನಳಿನಿ ತಾನಾಗೇ ಹೂಂ ಅನ್ನೋವರ್ಗೂ ನಾನು ಹೂಂ ಅನ್ನಲ್ಲ ಅಂದೆ."

"ನನ್ನನ್ನ ಕೇಳಲೇ ಇಲ್ಲವಲ್ಲ!"

"ಕೇಳಿದ್ರೆ ನೀನು ಹೂಂ ಅಂತೀಯ. ನನಗೆ ಬೇಜಾರಾಗತ್ತೆ ಅಂತ ಹೂಂ ಅಂತೀಯ. ಆಮೇಲೆ ರಾತ್ರಿ ಎಲ್ಲಾ ಎದ್ದು ಕೂತು ಚಮಚ ಎಣಿಸ್ತೀಯ. ಅಂಥಾ ಹೂಂ ನಂಗೆ ಬೇಡ ಕಣೇ. ನೀನೇ ನೋಡಿ, ನಿನಗೇ ಗೊತ್ತಾಗಿ, ನೀನೇ ಬಂದು ಹೇಳ್ಬೇಕು. ಇಲ್ದೆ ಇದ್ರೆ ಬುಧವಾರ ಬುಧವಾರ ಹಿಂಗೇ ನಡೀಲಿ. ಅದೇನು ಕಮ್ಮಿ ಸುಖವಾ?" ಮಗುಚಿದ ಪಾತ್ರೆಗಳ ಕಡೆ ನೋಡಿ, "ಪಾತ್ರೆ ಮುಗಿದೋಯ್ತು, ಅದೊಂದೇ ತಾಪತ್ರಯ" ಎಂದಳು.

ಚೀಲ ನನ್ನ ಮಡಿಲಲ್ಲೇ ಇತ್ತು. ಒಳಗಿನ ಡಬ್ಬಿ ತೊಡೆಗೆ ಒತ್ತುತ್ತಿತ್ತು. ತೆಗೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಮ್ಮ ಕಾದದ್ದು ಡಬ್ಬಿಯ ಮಾತಿಗಲ್ಲ, ನನ್ನ ಮಾತಿಗೆ. ಆಗ ನನ್ನನ್ನೇ ನಾನು ಬಹಳ ಜಾಗರೂಕತೆಯಿಂದ ಕೇಳಿಕೊಂಡೆ: ಬೆಳಿಗ್ಗೆ ಏನೂ ಸಿಕ್ಕದೆ, ಬರೀ ಈ ಪಾತ್ರೆಗಳ ತಳ ಮಾತ್ರ ಓದಿದ್ದರೆ ನಾನು ಏನೆನ್ನುತ್ತಿದ್ದೆ? ಇಡ್ಲಿ ಏಳಿದ್ದರೂ ಆಗುತ್ತಿತ್ತು. ಮಗಳಿಗೆ ಜ್ವರ ಇಳಿಯಿತೇ. ನನಗೆ ಜ್ವರ ಬಂದಿದ್ದ ಆ ವಾರವನ್ನು ನಾನೇ ಮರೆತಿದ್ದೆ.

"ನೀನು ಅವರ ಮನೆಗೆ ಹೋಗಿಬಿಡ್ತೀಯಾ?" ಎಂದೆ. ಧ್ವನಿ ಸಣ್ಣ ಮಗುವಿನದ್ದಾಗಿ ಬಂತು.

"ನಾನ್ಯಾಕೆ ಹೋಗ್ಲಿ? ಅವ್ರ ಮನೇಲಿ ಇರೋದು ಒಂದು ಲೋಟ, ಒಂದು ತಟ್ಟೆ. ಅವ್ರೇ ಇಲ್ಲಿಗೆ ಬರ್ತಾರಂತೆ. ಬಾಗಿಲ ಹಿಂದಿನ ನಿನ್ನ ಪಟ್ಟಿ ವಿಷಯ ಹೇಳಿದೀನಿ. ತಗಡಿನ ಮೇಲೆ ಕೊರೆದು ಕೊಡ್ತೀನಿ, ಅಳಿಸೋದೇ ಇಲ್ಲ ಅಂದ್ರು."

ನಾನು ನಕ್ಕೆ. ಅಮ್ಮನೂ ನಕ್ಕಳು. "ಹೂಂ ಅನ್ನು ಅಮ್ಮ" ಎಂದೆ. "ಹೂಂ ಅಂತ ಹೋಗಿ ಹೇಳು. ಬುಧವಾರಕ್ಕೆ ಕಾಯಬೇಡ."

ಅಮ್ಮ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಾಲು ಒಡೆದಿದೆಯೋ ಎಂದು ನೋಡುವ ಹಾಗೆ ದಿಟ್ಟಿಸಿದಳು. "ಯಾರಾದ್ರೂ ಏನಾದ್ರೂ ಅಂದ್ರಾ? ಬೆಳಗ್ಗೆ ಏನ್ ಸಿಕ್ತು?"

"ಎರಡು ನಾಣ್ಯ. ಒಂದು ಬೆಲ್ಲಿನ ಮುಚ್ಚಳ."

ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಆದರೆ ಅಮ್ಮ ಅಷ್ಟರಲ್ಲಿ ಟ್ರಂಕಿನ ಹತ್ತಿರ ಹೋಗಿ ಸೀರೆ ಎಳೆಯುತ್ತಿದ್ದಳು.

ಹೊಳೆ ದಾಟುವಾಗ ಬಿಸಿಲು ಇಳಿದಿತ್ತು. ಹಾಳುಪೇಟೆಯಲ್ಲಿ ಜುಲೇಖಾ ಕಾಣಿಸಲಿಲ್ಲ. ಬೆಳಿಗ್ಗೆ ಅಗೆದ ಜಾಗದಲ್ಲಿ ಕೂತು ಡಬ್ಬಿ ತೆಗೆದೆ. ಒಮ್ಮೆ ಎದ್ದು ಬಂದ ಸಾಮಾನನ್ನು ಮತ್ತೆ ಮಣ್ಣಿಗೆ ಕೊಟ್ಟರೆ ಅದು ತಳ ಸೇರುತ್ತದೆ, ಯಾವ ಕೋಲಿಗೂ ಮತ್ತೆ ಸಿಗುವುದಿಲ್ಲ ಎನ್ನುತ್ತಾರೆ. ಕೊಡುವ ಮೊದಲು ಆ ಕೊನೆಯ ಸಾಲು ಓದಿಬಿಡೋಣ ಎನ್ನಿಸಿತು. ಉಳಿದ ಹುಣಸೆಹಣ್ಣನ್ನೆಲ್ಲ ಹಾಕಿ ತಿಕ್ಕಿದೆ. ಮುಚ್ಚಳದ ಅಂಚಿನ ಸಂದಿಯಲ್ಲಿ ಒಂದೊಂದೇ ಚುಕ್ಕಿ ಕಣ್ಣುಬಿಟ್ಟಿತು.

"ಮಗಳು ನಳಿನಾಕ್ಷಿಯ ಪ್ರೀತಿಯ ಕಾಣಿಕೆ."

ನನ್ನ ಪೂರ್ತಿ ಹೆಸರು ಕೊರೆದ ಡಬ್ಬಿ ಹಿಡಿದುಕೊಂಡು ನಾನು ಆ ಹಾಳುಬಿದ್ದ ಜಗಲಿಯ ಮೇಲೆ ಎಷ್ಟು ಹೊತ್ತು ನಕ್ಕೆನೋ ಗೊತ್ತಿಲ್ಲ. ಮಧ್ಯಾಹ್ನವೇ ಈ ಸಾಲು ಕಂಡಿದ್ದರೆ ನನ್ನ ಹೂಂ ಡಬ್ಬಿಯದೋ ನನ್ನದೋ ಎಂದು ಸಾಯುವವರೆಗೆ ಲೆಕ್ಕ ಹಾಕುತ್ತಿದ್ದೆ. ಈಗ ಅದು ನನ್ನದೇ. ನನ್ನ ಜೀವಮಾನದಲ್ಲಿ ನಾನು ಎರಡನೇ ಸಲ ಯೋಚಿಸದೆ ಆಡಿದ ಮೊದಲ ಮಾತು ಬಹುಶಃ ಅದೇ. ಗುಂಡಿಯನ್ನು ಮೊಳಕೈಯಾಳ ಮಾಡಿ ಡಬ್ಬಿ ಇಳಿಬಿಟ್ಟೆ. ಮಣ್ಣು ಎಳೆದು, ಮೇಲೆ ಕಾಲಿನಿಂದ ತುಳಿದೆ.

"ಅಗೆಯೋರನ್ನ ನೋಡಿದ್ದೆ" ಹಿಂದಿನಿಂದ ಧ್ವನಿ ಬಂತು. "ಹೂಳೋಳನ್ನ ಇವತ್ತೇ ನೋಡಿದ್ದು."

ಜುಲೇಖಾ ಮುರಿದ ಕಂಬದ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬೆಳಗ್ಗೆ ಸಿಕ್ಕಿದ್ದು ಡಬ್ಬಿ ತಾನೇ? ಏನಿತ್ತೇ ಅದ್ರ ಮೇಲೆ?"

"ಕೇಳಬೇಡ ಜುಲೇಖಾ."

"ನಾನು ಕೇಳ್ದೆ ಇರ್ಬೇಕಾ? ನಾನು?" ಅವಳಿಗೆ ನಿಜವಾಗಿಯೂ ನೋವಾಗಿತ್ತು. "ಸಂಜೆ ಬಂಡೆ ಹತ್ರ 'ಇಷ್ಟೇ' ಅನ್ಬೇಕಾದೋಳು ನಾನು, ತಿಳ್ಕೊ. ಸುಳ್ಳು ಅನ್ಸಿದ್ರೆ ನನ್ನ ಗುದ್ದಲೀನೂ ಹೋಗತ್ತೆ."

"ಗೊತ್ತು. ನೀನು ಏನು ಹೇಳಿದರೂ ನಿನ್ನ ಮೇಲೆ ನನಗೆ ಕೋಪವಿಲ್ಲ."

ಅವಳು ಗುದ್ದಲಿ ಹೆಗಲಿಗೇರಿಸಿ ಮುಂದೆ ನಡೆದಳು. ಹೊಳೆ ದಾಟುವವರೆಗೆ ಒಂದು ಮಾತೂ ಆಡಲಿಲ್ಲ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಬಂಡೆಯ ಸುತ್ತ ಜನ ಸೇರಿದ್ದರು. ನಾನು ಹತ್ತಿದೆ. ಬರುವ ವರ್ಷದ ನಾಣ್ಯ ಒಂದು, ಎಂದು ಮೂರು ಸಲ ಕೂಗಿದೆ. ಮೊಮ್ಮಕ್ಕಳ ಕಾಲದ ನಾಣ್ಯ ಒಂದು. ಸೈಕಲ್ ಬೆಲ್ಲಿನ ಮುಚ್ಚಳ ಒಂದು, ಹೆಸರಿಲ್ಲ. ಬೆಲ್ಲಿಗೆ ಆಗಲೇ ಮೂವರು ಕೈಯೆತ್ತಿದ್ದರು. ಕೂಗಿ ಮುಗಿಯಿತು. ಜನರ ಕಣ್ಣೆಲ್ಲ ಜುಲೇಖಾಳ ಕಡೆ ತಿರುಗಿತು.

ಆಗಲೇ ಪೇಟೆ ಬೀದಿಯ ಕಡೆಯಿಂದ ಅವರಿಬ್ಬರೂ ಬಂದರು. ಅಮ್ಮ ಗಿಳಿಹಸಿರು ಸೀರೆ ಉಟ್ಟಿದ್ದಳು. ಮೋನಪ್ಪಾಚಾರ್ರು ಕಿವಿಯ ಮೇಲಿನ ಪೆನ್ಸಿಲು ತೆಗೆಯುವುದನ್ನೂ ಮರೆತು, ಗುಂಡಿ ತಪ್ಪಿಸಿ ಹಾಕಿದ ಅಂಗಿಯಲ್ಲಿ, ಅಮ್ಮನಿಂದ ಒಂದು ಮಾರು ದೂರದಲ್ಲಿ ನಡೆದು ಬಂದು ನಿಂತರು. ಆಮೇಲೆ ಅಮ್ಮ ಆ ಒಂದು ಮಾರನ್ನು ತಾನೇ ದಾಟಿ ಅವರ ಪಕ್ಕಕ್ಕೆ ಹೋಗಿ ನಿಂತಳು. ಬಸಣ್ಣನ ಗಾಡಿಯ ಹತ್ತಿರ ಯಾರೋ ಚುರುಮುರಿ ಅಗಿಯುವುದನ್ನು ನಿಲ್ಲಿಸಿದರು.

ಜುಲೇಖಾ ಅವರನ್ನು ನೋಡಿದಳು. ಅಮ್ಮನ ಸೀರೆ, ಆಚಾರ್ರ ತಪ್ಪಿದ ಗುಂಡಿ. ಆಮೇಲೆ ಬಂಡೆಯ ಮೇಲಿದ್ದ ನನ್ನನ್ನು, ನನ್ನ ಉಗುರಿನ ಸಂದಿಯಲ್ಲಿದ್ದ ಹಸಿರನ್ನು ನೋಡಿದಳು. ಅವಳ ಬಾಯಿ ತಾನಾಗಿಯೇ ತೆರೆಯಿತು. ಕಣ್ಣು ಇಷ್ಟಗಲವಾಯಿತು. ಅವಳ ಗಂಟಲಿನಲ್ಲಿ ಆ ಸುದ್ದಿ ಮೇಲೆ ಬರುವುದೂ ಕೆಳಗೆ ಹೋಗುವುದೂ ನನಗೆ ಕಾಣಿಸುತ್ತಿತ್ತು.

"ಏನಮ್ಮ ಜುಲೇಖಾ, ಇಷ್ಟೇನಾ?" ಯಾರೋ ಕೂಗಿದರು.

"ಇಷ್ಟೇ!" ಎಂದಳು ಜುಲೇಖಾ, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ.

ಜನ ಚದುರಿದ ಮೇಲೆ ಅವಳು ನನ್ನ ಕೈಹಿಡಿದು ಬಂಡೆಯಿಂದ ಇಳಿಸಿಕೊಂಡಳು. ಅಮ್ಮನೂ ಆಚಾರ್ರೂ ನಮಗಿಂತ ಮುಂದೆ, ಚುರುಮುರಿಯ ಒಂದೇ ಪೊಟ್ಟಣ ಹಂಚಿಕೊಂಡು ಹೋಗುತ್ತಿದ್ದರು. ಜುಲೇಖಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ದೂರ ನಡೆದಳು.

"ನಮ್ಮೆಜಮಾನ್ರಿಗೂ ಹೇಳಲ್ಲ" ಎಂದಳು ಕೊನೆಗೆ. "ನನ್ನ ತಂಗಿಗೂ ಹೇಳಲ್ಲ, ಹಾಲಿನವನಿಗೂ ಹೇಳಲ್ಲ. ಹೊಟ್ಟೆ ಒಡೆದು ಸತ್ರೂ ಪರವಾಗಿಲ್ಲ ಕಣೇ ನಳಿನಿ, ಯಾರಿಗೂ ಹೇಳಲ್ಲ."